ಮುಂಬಯಿಗೆ ಹೊಸದಾಗಿ ಬಂದವರಿಗೆ ಮಾಟುಂಗಾ: ಹೋಟೆಲು, ಪೇಟೆ ಮತ್ತು ದಿನಸಿಯ ಪರಾಮರ್ಶೆ

ಕೆಲಸದ ಮೇಲೆ ಮುಂಬಯಿಗೆ ಬಂದು ಮನೆ ಹೂಡುವ ಕನ್ನಡಿಗರು ಪಾತ್ರೆ ಪಡಗಗಳನ್ನು ಜೋಡಿಸಿಕೊಂಡ ಕೂಡಲೇ ಒಮ್ಮೆ ಮಾಟುಂಗಾ ಪೂರ್ವಕ್ಕೆ ಹೋಗಿಬರಬೇಕೆಂದು ನಾನು ಒತ್ತಾಯದಿಂದಲೇ ಹೇಳುತ್ತೇನೆ. ಈ ನಗರದಲ್ಲಿ ಉಡುಪಿ ಹೋಟೆಲಿಲ್ಲದ ಬಡಾವಣೆಯನ್ನು ಹುಡುಕುವುದೇ ಕಷ್ಟ. ಇಡ್ಲಿ, ದೋಸೆ ಸಿಗದೆ ಇಲ್ಲಿ ಯಾರೂ ಉಪವಾಸ ಬೀಳುವುದಿಲ್ಲ. ಆದರೆ ಬೀದಿ ಬೀದಿಯಲ್ಲಿರುವ ಈ ಹೋಟೆಲುಗಳಲ್ಲಿ ಬಹುಪಾಲು ಕಡೆ ಸಾಂಬಾರು ಸಿಹಿಯತ್ತ ವಾಲಿರುತ್ತದೆ, ಚಟ್ನಿಯಲ್ಲಿ ಕಾಯಿಗಿಂತ ಹುರಿಗಡಲೆಯೇ ಮುಂದಾಗಿರುತ್ತದೆ, ಅದೇ ಅಡುಗೆಮನೆಯಿಂದ ಪಾವ್‌ಭಾಜಿ, ಪನೀರ್ ಪಲ್ಯ, ನೂಡಲ್ಸ್ ಎಲ್ಲವೂ ಹೊರಬರುತ್ತವೆ. ಗಾಡಿಗಳಲ್ಲಿ ಮೈಸೂರು ಮಸಾಲೆ ಎಂದು ಕೊಡುವ ದೋಸೆಯಲ್ಲಿ ಬೆಣ್ಣೆ, ದಪ್ಪ ಮೆಣಸಿನಕಾಯಿ, ಬೀಟ್‌ರೂಟ್, ಪಾವ್‌ಭಾಜಿ ಮಸಾಲೆ ಕೂಡಿ ಬೇರೆಯದೇ ತಿಂಡಿಯಾಗಿರುತ್ತದೆ. ಅದನ್ನು ಮೆಚ್ಚುವವರು ಬೇಕಾದಷ್ಟಿದ್ದಾರೆ, ನನಗೂ ಅದರ ಮೇಲೆ ದೂರಿಲ್ಲ. ಮನೆಯ ಸಾರಿಗಾಗಿ ನಾಲಿಗೆ ಹಂಬಲಿಸುವ ಹೊತ್ತಿನಲ್ಲಿ ಮಾತ್ರ ಅದು ಆಗಿಬರುವುದಿಲ್ಲ.

ಹೊಸ ಊರಿನಲ್ಲಿ ಒಳ್ಳೆಯ ಹೋಟೆಲನ್ನು ಪತ್ತೆಹಚ್ಚಲು ನಾನು ನಂಬಿಕೊಂಡಿರುವ ಗುರುತು ಒಂದೇ. ಯಾವ ಅಡುಗೆ ನಮಗೆ ಬೇಕೋ ಆ ಅಡುಗೆಯ ಸಾಮಾನು ದಿನದಿನವೂ ಮಾರಿಹೋಗುವ ಪೇಟೆಯನ್ನು ಮೊದಲು ಹುಡುಕಬೇಕು. ಅದರ ಅಕ್ಕಪಕ್ಕದಲ್ಲೇ ಒಳ್ಳೆಯ ಹೋಟೆಲು ಇರುತ್ತದೆ. ಬಾಳೆಲೆ, ಕರಿಬೇವು, ಸಾಂಬಾರ್ ಈರುಳ್ಳಿ, ಕುಚ್ಚಲಕ್ಕಿ ಇವು ಬುಟ್ಟಿ ತುಂಬಿ ಬಂದು ಸಂಜೆಯೊಳಗೆ ಖಾಲಿಯಾಗುವ ಜಾಗದಲ್ಲಿ ಆ ಅಡುಗೆಯನ್ನು ಮನೆಯಲ್ಲಿ ದಿನವೂ ಮಾಡಿ ಉಣ್ಣುವವರು ವಾಸವಾಗಿದ್ದಾರೆ ಎಂದರ್ಥ, ಮತ್ತು ಅಂಥವರನ್ನು ಗಿರಾಕಿಗಳಾಗಿ ಉಳಿಸಿಕೊಳ್ಳಬೇಕಾದ ಹೋಟೆಲಿನವರು ಸಾರಿನ ಹುಳಿಯಲ್ಲಾಗಲಿ ಕಾಫಿಯ ಡಿಕಾಕ್ಷನ್ನಿನಲ್ಲಾಗಲಿ ಕೈ ಬಿಗಿ ಹಿಡಿಯುವಂತಿಲ್ಲ. ಫೋನಿನಲ್ಲಿ ಕಾಣುವ ನಕ್ಷತ್ರಗಳಿಗಿಂತ ಈ ಗುರುತು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಮುಂಬಯಿಯಲ್ಲಿ ಆ ಪೇಟೆಯೆಂದರೆ ಮಾಟುಂಗಾ.

ಅದು ಹಾಗಾಗಲು ಕಾರಣವಿದೆ. 1896ರಲ್ಲಿ ಬಂದ ಪ್ಲೇಗಿನ ನಂತರ, 1898ರಲ್ಲಿ ರಚನೆಯಾದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ನಗರದ ಇಕ್ಕಟ್ಟಿನಿಂದ ಉತ್ತರಕ್ಕೆ ದಾದರ್, ಮಾಟುಂಗಾ, ವಡಾಲಾ, ಸಯನ್ ಭಾಗಗಳಲ್ಲಿ ಅಗಲವಾದ ರಸ್ತೆಗಳ ಬಡಾವಣೆಗಳನ್ನು ರೂಪಿಸಿತು. ಕಚೇರಿ, ರೈಲ್ವೆ, ಬ್ಯಾಂಕುಗಳ ಕೆಲಸಕ್ಕೆಂದು ದಕ್ಷಿಣದಿಂದ ಬಂದ ತಮಿಳರು, ಕನ್ನಡಿಗರು, ಮಲೆಯಾಳಿಗಳು, ಕೊಂಕಣಿಗರು ಅಲ್ಲಿ ಬಾಡಿಗೆಗೆ ನೆಲೆಸಿದರು. ಮೈಸೂರು ಅಸೋಸಿಯೇಷನ್ ಸ್ಥಾಪನೆಯಾದದ್ದು 1926ರಲ್ಲಿ. ಅದು ಇಂದಿಗೂ ಮಾಟುಂಗಾದ ಭಾವು ದಾಜಿ ರಸ್ತೆಯಲ್ಲಿದೆ. ಸೌತ್ ಇಂಡಿಯನ್ ಎಜುಕೇಷನ್ ಸೊಸೈಟಿ ಹುಟ್ಟಿದ್ದು 1932ರಲ್ಲಿ. ಒಂಟಿಯಾಗಿ ಬಂದ ಗುಮಾಸ್ತರಿಗೆ ಎರಡು ಹೊತ್ತಿನ ಊಟ ಬೇಕಿತ್ತು. ಸಂಸಾರ ಸಮೇತ ಬಂದವರಿಗೆ ಅಕ್ಕಿ, ಬೇಳೆ, ಕಾಫಿಪುಡಿ, ಹೂವು ಬೇಕಿತ್ತು. ಮೊದಲನೆಯವರಿಗಾಗಿ ಬೋರ್ಡಿಂಗುಗಳು, ಎರಡನೆಯವರಿಗಾಗಿ ಪೇಟೆ ಒಟ್ಟೊಟ್ಟಿಗೆ ಬೆಳೆದವು. ಇಂದು ಆ ಮನೆಗಳಲ್ಲಿ ಗುಜರಾತಿ ಕುಟುಂಬಗಳೂ ಬಹಳಷ್ಟಿವೆ, ಹಳೆಯ ಕಟ್ಟಡಗಳ ಜಾಗದಲ್ಲಿ ಎತ್ತರದ ಕಟ್ಟಡಗಳೆದ್ದಿವೆ. ಆದರೂ ಪೇಟೆ ತನ್ನ ಗುಣ ಬಿಟ್ಟುಕೊಟ್ಟಿಲ್ಲ.

ಮಧ್ಯ ರೈಲ್ವೆಯ ಸ್ಲೋ ಲೋಕಲ್‌ನಲ್ಲೇ ಹೋಗಬೇಕು, ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ಪಶ್ಚಿಮ ರೈಲ್ವೆಯ ಮಾಟುಂಗಾ ರೋಡ್ ಬೇರೆಯೇ ನಿಲ್ದಾಣ, ಅಲ್ಲಿಂದ ಪೂರ್ವ ಮಾಟುಂಗಾಕ್ಕೆ ನಡಿಗೆ ಸ್ವಲ್ಪ ಹೆಚ್ಚು.

ನಿಲ್ದಾಣದ ಪೂರ್ವ ಬದಿಯಲ್ಲಿ ಇಳಿದವರಿಗೆ ಎದುರಿಗೇ ಸಿಗುವ ಎಲ್‌ಬಿಎಸ್ ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1942ರಿಂದ ನಡೆದುಬಂದಿರುವ ಈ ಊಟದ ಮನೆಯನ್ನು ನಾನು ಉಳಿದೆಲ್ಲವುಗಳಿಗಿಂತ ಮೇಲಿಡುತ್ತೇನೆ, ಏಕೆಂದರೆ ಇದು ಊಟವನ್ನಷ್ಟೇ ನಂಬಿಕೊಂಡಿರುವ ಜಾಗ. ಇಲ್ಲಿ ದೋಸೆಗಳ ಉದ್ದನೆಯ ಪಟ್ಟಿಯಿಲ್ಲ. ಗಲ್ಲಾದಲ್ಲಿ ಹಣ ಕೊಟ್ಟು ಟೋಕನ್ ಪಡೆದು, ಸರದಿ ಬಂದಾಗ ಕುಳಿತರೆ ತಟ್ಟೆ ಊಟವೋ ಬಾಳೆಲೆಯ ಊಟವೋ ನೀವು ಕೇಳಿದ್ದು ಮುಂದೆ ಬರುತ್ತದೆ. ತಟ್ಟೆಯದು ಅಳತೆಯ ಊಟ, ಅದರ ಬೆಲೆ ಕಡಿಮೆ. ಹೊಟ್ಟೆ ತುಂಬ ಬಡಿಸುವ ಊಟಕ್ಕೆ ಹೆಚ್ಚು ಕೊಡಬೇಕು. ದಿನವೂ ಹೊರಗೆ ಉಣ್ಣಬೇಕಾದ ಒಬ್ಬಂಟಿಗರಿಗೆ ಅಳತೆಯ ಊಟವೇ ಸಾಕಾಗುತ್ತದೆ, ಜೇಬಿಗೂ ಹಗುರ.

ಮೊದಲ ಸಲ ಹೋಗುವವರು ಎಲೆ ಊಟವನ್ನೇ ಮಾಡಬೇಕು. ಎಲೆಯ ಮೇಲೆ ಉಪ್ಪಿನಕಾಯಿ, ಪಲ್ಯಗಳು, ಹಪ್ಪಳ, ಪೂರಿ ಅಥವಾ ಚಪಾತಿ, ಆಮೇಲೆ ಅನ್ನ, ಅನ್ನದ ಮೇಲೆ ಸಾಂಬಾರು, ನಂತರ ಸಾರು, ಕೊನೆಗೆ ಮೊಸರು ಎಂಬ ಕ್ರಮ ತಪ್ಪುವುದಿಲ್ಲ. ಇವುಗಳಲ್ಲಿ ನಾನು ಗಮನವಿಟ್ಟು ನೋಡುವುದು ಸಾರನ್ನು. ಸಾರಿನಲ್ಲಿ ತರಕಾರಿಯ ಮರೆಯಿಲ್ಲ, ಕಾಯಿಯ ಮರೆಯಿಲ್ಲ. ಹುಣಸೆ, ಟೊಮೆಟೊ, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಇಂಗು, ಒಗ್ಗರಣೆ ಇವುಗಳ ಹದ ತಪ್ಪಿದರೆ ಮುಚ್ಚಿಡಲು ಜಾಗವೇ ಇರುವುದಿಲ್ಲ. ಇಲ್ಲಿಯ ಸಾರು ತೆಳ್ಳಗೆ, ಬಿಸಿಯಾಗಿ ಬರುತ್ತದೆ, ಇಂಗಿನ ವಾಸನೆ ಮೊದಲು ಮೂಗಿಗೆ ತಾಗುತ್ತದೆ, ಬೆಲ್ಲ ಹಾಕಿರುವುದು ನುಂಗಿದ ಮೇಲಷ್ಟೇ ತಿಳಿಯುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳನ್ನು ಬಿಟ್ಟು ಬೇಳೆ, ಕಾಯಿ, ಇಂಗು, ಕರಿಬೇವುಗಳಿಂದಲೇ ರುಚಿ ಕಟ್ಟುವ ಉಡುಪಿಯ ಮಠದ ಅಡುಗೆಯ ಶಿಸ್ತು ಯಾವುದೆಂದು ತಿಳಿಯಬಯಸುವವರಿಗೆ ಈ ಒಂದು ಸಾರು ಸಾಕು. ಕುಂಬಳಕಾಯಿ, ಹೀರೆಕಾಯಿಯಂಥ ಸಾದಾ ತರಕಾರಿಯ ಪಲ್ಯ ಬಂದ ದಿನ ಊಟ ಇನ್ನಷ್ಟು ಚೆನ್ನಾಗಿರುತ್ತದೆ. ಹಬ್ಬದಡುಗೆಗಿಂತ ದಿನದಡುಗೆಯಲ್ಲೇ ಈ ಮನೆಯ ಕೈ ಪಳಗಿದೆ ಎಂಬುದು ನನ್ನ ಅಭಿಪ್ರಾಯ. ಬಡಿಸುವವರು ಮರಳಿ ಮರಳಿ ಬಂದು ಕೇಳುತ್ತಾರೆ, ಎಲೆಯಲ್ಲಿ ಬಿಡುವುದನ್ನು ಮಾತ್ರ ಇಷ್ಟಪಡುವುದಿಲ್ಲ. ಆದ್ದರಿಂದ ಮೊದಲ ಸುತ್ತಿನಲ್ಲಿ ಪೂರಿಗೆ ಆಸೆಪಟ್ಟು ಹೊಟ್ಟೆ ತುಂಬಿಸಿಕೊಳ್ಳದೆ ಅನ್ನಕ್ಕೆ ಜಾಗ ಉಳಿಸಿಕೊಳ್ಳುವುದು ಲೇಸು. ಭಾನುವಾರದ ಮಧ್ಯಾಹ್ನ ಸರದಿ ಮೆಟ್ಟಿಲಿನವರೆಗೂ ಬೆಳೆಯುತ್ತದೆ. ವಯಸ್ಸಾದವರನ್ನು ಕರೆದೊಯ್ಯುವವರು ವಾರದ ನಡುವಿನ ದಿನವನ್ನೋ ಬಾಗಿಲು ತೆರೆಯುವ ಹೊತ್ತನ್ನೋ ಆರಿಸಿಕೊಳ್ಳಬೇಕು. ಸೋಮವಾರ ಈ ಬಡಾವಣೆಯ ಕೆಲವು ಹೆಸರಾಂತ ಹೋಟೆಲುಗಳಿಗೆ ರಜೆ. ಆ ದಿನ ದೂರದಿಂದ ಹೊರಡಬಾರದು.

ತಿಂಡಿಗೆ ಮಾಟುಂಗಾದಲ್ಲೇ ಇರುವ ಕಿಂಗ್ಸ್ ಸರ್ಕಲ್ಲಿನ ಕೆಫೆ ಮದ್ರಾಸ್. 1940ರಲ್ಲಿ ಶುರುವಾದ, ಕಾಮತ್ ಮನೆತನದವರು ನಡೆಸುತ್ತಿರುವ ಈ ಹೋಟೆಲಿನ ಹೆಸರು ಮದ್ರಾಸಿನದಾದರೂ ಕೈಗುಣ ಕರಾವಳಿಯದು. ರಾಗಿ ದೋಸೆ, ನೀರ್ ದೋಸೆ, ರಸಂ ವಡೆ ಇವು ಮೂರೂ ನನಗೆ ಮೆಚ್ಚುಗೆಯಾದವು. ರಸಂ ವಡೆಯನ್ನು ನೋಡಿಯೇ ಹೋಟೆಲಿನ ಶ್ರದ್ಧೆ ತಿಳಿಯಬಹುದು: ಬೆಳಗಿನ ವಡೆಯನ್ನು ಮಧ್ಯಾಹ್ನ ಸಾರಿನಲ್ಲಿ ಮುಳುಗಿಸಿ ದಾಟಿಸುವ ರೂಢಿ ಎಷ್ಟೋ ಕಡೆ ಇದೆ, ಆಗ ವಡೆ ಹೊರಗೆ ಮೆತ್ತಗಾಗಿ ಒಳಗೆ ಗಟ್ಟಿಯಾಗಿರುತ್ತದೆ; ಇಲ್ಲಿ ನಡುವಿನವರೆಗೂ ಸಾರು ಇಳಿದಿರುತ್ತದೆ, ಚಮಚ ತಾಗಿದಲ್ಲಿ ಬಿಟ್ಟುಕೊಳ್ಳುತ್ತದೆ. ವಾರಾಂತ್ಯದ ಬೆಳಿಗ್ಗೆ ಹೆಸರು ಬರೆಸಿ ಪಾದಚಾರಿ ಮಾರ್ಗದ ಮೇಲೆ ಕಾಯಬೇಕಾಗುತ್ತದೆ, ಕುಳಿತ ಮೇಲೆ ಇನ್ನೊಬ್ಬರೊಡನೆ ಮೇಜು ಹಂಚಿಕೊಳ್ಳಬೇಕಾಗುತ್ತದೆ, ನಿಧಾನವಾಗಿ ಹರಟಲು ಅದು ಜಾಗವಲ್ಲ.

ನಿಲ್ದಾಣದ ಹತ್ತಿರದ ರಾಮ ಆಶ್ರಯ ಬೆಳಗಿನ ಜಾವವೇ ತೆರೆಯುತ್ತದೆ, ರಾತ್ರಿಯ ರೈಲಿನಲ್ಲಿ ಬಂದಿಳಿದವರಿಗೆ ಅದೊಂದು ದೊಡ್ಡ ಅನುಕೂಲ. ಅಲ್ಲಿಯ ಉಪ್ಪಿಟ್ಟು ಮತ್ತು ಅನಾನಸ್ ಶಿರಾ ಹೆಸರುವಾಸಿ. ನಮ್ಮ ಕಡೆಯ ಕೇಸರಿಬಾತಿನ ಅಂಟು ಅದರಲ್ಲಿಲ್ಲ, ರವೆ ಬಿಡಿಬಿಡಿಯಾಗಿರುತ್ತದೆ. ಸಿಹಿ ನನಗೆ ತುಸು ಹೆಚ್ಚೆನಿಸಿದರೂ ಅನಾನಸಿನ ಹುಳಿ ಅದನ್ನು ಸರಿದೂಗಿಸುತ್ತದೆ. 1936ರಷ್ಟು ಹಳೆಯದಾದ ಕೆಫೆ ಮೈಸೂರ್ ಕೂಡ ಕಿಂಗ್ಸ್ ಸರ್ಕಲ್ಲಿನಲ್ಲೇ ಇದೆ. ಬೇರೆಡೆ ಸರದಿ ಉದ್ದವಾಗಿದ್ದ ದಿನ ಅಲ್ಲಿಗೆ ಹೋದರೆ ನಿರಾಸೆಯಾಗುವುದಿಲ್ಲ. ಬೆಲೆಯ ವಿಷಯದಲ್ಲಿ ಈ ಎಲ್ಲ ಹೋಟೆಲುಗಳೂ ನ್ಯಾಯವಾಗಿವೆ. ಹವಾನಿಯಂತ್ರಿತ ಮಾಲುಗಳಲ್ಲಿ ಒಂದು ದೋಸೆಗೆ ತೆರುವ ಹಣದಲ್ಲಿ ಇಲ್ಲಿ ತಿಂಡಿ ಕಾಫಿ ಎರಡೂ ಮುಗಿಯುತ್ತವೆ.

ಹೊಟ್ಟೆ ತುಂಬಿದ ಮೇಲೆ ಪೇಟೆಗೆ ಇಳಿಯುವುದು ಒಳ್ಳೆಯದು; ಹಸಿದುಕೊಂಡು ಹೋದರೆ ದಾರಿಯಲ್ಲಿ ಕಣ್ಣೆದುರೇ ಕರಿದುಕೊಡುವ ನೇಂದ್ರ ಬಾಳೆಯ ಚಿಪ್ಸಿಗೆ ಹಣ ಸೋರುತ್ತದೆ. ನಿಲ್ದಾಣದ ಬಳಿಯ ಹೂವಿನ ಗಲ್ಲಿಯಲ್ಲಿ ಮಲ್ಲಿಗೆ, ಕನಕಾಂಬರ, ತುಳಸಿ ಮಾಲೆಗಳ ಜೊತೆಗೆ ಬಾಳೆಲೆಯೂ ಸಿಗುತ್ತದೆ. ಅಲ್ಲಿಂದ ಭಂಡಾರ್ಕರ್ ರಸ್ತೆಯ ಆಸುಪಾಸಿನಲ್ಲಿ ತರಕಾರಿಯವರು, ದಿನಸಿ ಅಂಗಡಿಗಳು, ಕಾಫಿಪುಡಿಯವರು, ಹಪ್ಪಳ ಉಪ್ಪಿನಕಾಯಿಯವರು ಒತ್ತಾಗಿ ಇದ್ದಾರೆ. ಬಾಳೆದಿಂಡು, ಬಾಳೆ ಹೂ, ಬೂದುಗುಂಬಳ, ಸುವರ್ಣಗಡ್ಡೆ, ಎಳೆಯ ಹಲಸಿನಕಾಯಿ, ಮಂಗಳೂರು ಸೌತೆ, ಸಾಂಬಾರ್ ಈರುಳ್ಳಿ, ಕಾಂಡದ ಸಮೇತ ಕರಿಬೇವು ಇವನ್ನೆಲ್ಲ ಒಂದೇ ಕಡೆ ಕಂಡಾಗ ಆಗುವ ಸಮಾಧಾನ ದೊಡ್ಡದು. ಇಲ್ಲಿಯ ತರಕಾರಿಯವರಿಗೆ ಯಾವುದನ್ನು ಯಾವುದಕ್ಕೆ ಬಳಸುತ್ತೇವೆಂಬುದು ಗೊತ್ತು. ಹುಳಿಗೆಂದರೆ ಬಲಿತ ಸೌತೆಯನ್ನು, ಪಲ್ಯಕ್ಕೆಂದರೆ ಎಳೆಯದನ್ನು ತಾವೇ ಆರಿಸಿ ಕೊಡುತ್ತಾರೆ.

ಕಾಫಿಪುಡಿಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮುಂಬಯಿ ಮೂಲತಃ ಚಹಾದ ಊರು ಮತ್ತು ಸಾಮಾನ್ಯ ಕಿರಾಣಿ ಅಂಗಡಿಯಲ್ಲಿ ಸಿಗುವ ಫಿಲ್ಟರ್ ಕಾಫಿಪುಡಿ ಎಷ್ಟೋ ತಿಂಗಳು ಶೆಲ್ಫಿನಲ್ಲಿ ಕೂತದ್ದಾಗಿರುತ್ತದೆ. ಭಾರತದ ಕಾಫಿಯಲ್ಲಿ ಸುಮಾರು 70 ಪ್ರತಿಶತ ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಆ ಬೀಜವನ್ನು ಹೊಸದಾಗಿ ಹುರಿದು ನಮ್ಮೆದುರೇ ಬೀಸಿಕೊಡುವ ಅಂಗಡಿಗಳು ಮಾಟುಂಗಾದಲ್ಲಿವೆ, ಭಂಡಾರ್ಕರ್ ರಸ್ತೆಯ ಮೈಸೂರ್ ಕನ್ಸರ್ನ್ಸ್ ಅವುಗಳಲ್ಲಿ ಹೆಸರಾದದ್ದು. ದುಂಡನೆಯ ಒಂಟಿ ಬೀಜದ ಪೀಬೆರಿ ಬೇಕೋ ದೊಡ್ಡ ಬೀಜದ ಪ್ಲಾಂಟೇಷನ್ ಎ ಬೇಕೋ, ಕಡುರುಚಿಯ ರೋಬಸ್ಟಾ ಎಷ್ಟು ಬೆರೆಸಬೇಕು, ಚಿಕೋರಿ ಬೇಕೋ ಬೇಡವೋ, ಬೀಸುವುದು ನಯವಾಗಿಯೋ ತರಿಯಾಗಿಯೋ ಎಂಬುದನ್ನು ನಾವೇ ಹೇಳಬೇಕು. ಊರಿನಲ್ಲಿ ಹಸುವಿನ ಹಾಲಿನ ಕಾಫಿಗೆ ಒಗ್ಗಿಕೊಂಡವರು ಮುಂಬಯಿಯಲ್ಲಿ ತಬೇಲಾದಿಂದ, ಅಂದರೆ ಎಮ್ಮೆ ಕೊಟ್ಟಿಗೆಯಿಂದ, ಬರುವ ದಪ್ಪ ಎಮ್ಮೆ ಹಾಲು ಬಳಸುವುದಾದರೆ, ಹಳೆಯ ಅಳತೆಯ ಪುಡಿ ಆ ಹಾಲಿನಲ್ಲಿ ಮುಳುಗಿಹೋಗುತ್ತದೆ. ನನ್ನ ಅನುಭವದಲ್ಲಿ 80 ಭಾಗ ಕಾಫಿ, 20 ಭಾಗ ಚಿಕೋರಿಯ ಮಿಶ್ರಣದಲ್ಲಿ ಸ್ವಲ್ಪ ರೋಬಸ್ಟಾ ಸೇರಿಸಿದರೆ ಎಮ್ಮೆ ಹಾಲಿನ ಎದುರು ಅದು ನಿಲ್ಲುತ್ತದೆ. ಚಿಕೋರಿಯನ್ನು ಇನ್ನೂ ಹೆಚ್ಚಿಸಿದರೆ ಬಣ್ಣ ಬರುತ್ತದೆಯೇ ಹೊರತು ಪರಿಮಳ ಬರುವುದಿಲ್ಲ. ಹಿತ್ತಾಳೆಯ ಅಥವಾ ಸ್ಟೀಲಿನ ಮನೆಯ ಫಿಲ್ಟರಿಗೆ ತೀರ ನಯವಾದ ಪುಡಿ ಹಾಕಿದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ, ಆದ್ದರಿಂದ ಬೀಸುವ ಮೊದಲೇ ಯಾವ ಫಿಲ್ಟರೆಂದು ತಿಳಿಸಬೇಕು. ಒಮ್ಮೆಗೆ ಕಾಲು ಕಿಲೋಗಿಂತ ಹೆಚ್ಚು ಕೊಳ್ಳದೆ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಎರಡು ವಾರದೊಳಗೆ ಮುಗಿಸುವುದು ಸರಿಯಾದ ಕ್ರಮ; ಈ ಊರಿನ ತೇವದ ಗಾಳಿಯಲ್ಲಿ ಪುಡಿ ಬೇಗ ಸತ್ತುಹೋಗುತ್ತದೆ.

ತೇವದ ಮಾತು ಬಂದದ್ದರಿಂದ ಹಿಟ್ಟಿನ ಬಗ್ಗೆಯೂ ಹೇಳಿಬಿಡುತ್ತೇನೆ. ಮಾಟುಂಗಾದಲ್ಲಿ ರುಬ್ಬಿದ ಇಡ್ಲಿ, ದೋಸೆ ಹಿಟ್ಟು ತೂಕಕ್ಕೆ ಸಿಗುತ್ತದೆ, ಮಾರಾಟ ಜೋರಾಗಿರುವುದರಿಂದ ಅದು ಹಳೆಯದಾಗಿರುವ ಸಂಭವ ಕಡಿಮೆ. ಆದರೆ ಮೇ ತಿಂಗಳ ಸೆಕೆಯಲ್ಲಿ ಅದನ್ನು ಲೋಕಲಿನಲ್ಲಿ ಹೊತ್ತು ಮನೆಗೆ ತಲುಪಿಸುವಷ್ಟರಲ್ಲಿ ಹುಳಿ ಏರಿರುತ್ತದೆ. ದೂರದ ಉಪನಗರದವರು ಇಡ್ಲಿ ಅಕ್ಕಿ, ಉದ್ದಿನಬೇಳೆಯನ್ನು ಕೊಂಡೊಯ್ದು ಮನೆಯಲ್ಲೇ ರುಬ್ಬಿಕೊಳ್ಳುವುದು ವಾಸಿ. ನಮ್ಮೂರಿನ ಚಳಿಗಾಲದ ಅಭ್ಯಾಸದಂತೆ ರಾತ್ರಿಯಿಡೀ ಹೊರಗಿಡದೆ, ಉಬ್ಬಿದ ಕೂಡಲೇ ಫ್ರಿಜ್ಜಿಗೆ ಸೇರಿಸಬೇಕು.

ಇಷ್ಟೆಲ್ಲ ಹೊಗಳಿದ ಮೇಲೆ ಬೆಲೆಯ ಬಗ್ಗೆ ನೇರವಾಗಿ ಹೇಳುವುದು ನನ್ನ ಕರ್ತವ್ಯ. ಮಾಟುಂಗಾ ಅಗ್ಗದ ಪೇಟೆಯಲ್ಲ. ದಕ್ಷಿಣದಿಂದ ಲಾರಿಯಲ್ಲೋ ರೈಲಿನಲ್ಲೋ ಬರುವ ತರಕಾರಿಗೆ ಸಾಗಣೆಯ ಖರ್ಚು ಸೇರಿರುತ್ತದೆ, ಕೊಳ್ಳುವವರೂ ಕೈಬಿಚ್ಚಿ ಖರ್ಚು ಮಾಡುವವರು. ತಿಂಗಳ ದಿನಸಿಯನ್ನೆಲ್ಲ ಇಲ್ಲಿಂದಲೇ ಹೊತ್ತುಕೊಂಡು ಹೋಗುವುದು ದುಡ್ಡಿಗೂ ದಂಡ, ಭುಜಕ್ಕೂ ದಂಡ. ಬೇರೆಡೆ ಸಿಗದ್ದನ್ನು, ಸಿಕ್ಕರೂ ಹಳಸಲಾಗಿರುವುದನ್ನು ಮಾತ್ರ ಇಲ್ಲಿ ಕೊಳ್ಳಬೇಕು: ಕಾಫಿಪುಡಿ, ಕುಚ್ಚಲಕ್ಕಿ, ಇಡ್ಲಿ ಅಕ್ಕಿ, ಸಾಂಬಾರ್ ಈರುಳ್ಳಿ, ಸೌತೆ, ಬಾಳೆದಿಂಡು, ಹಪ್ಪಳ, ಸಂಡಿಗೆ. ಒಂದು ಆನ್‌ಲೈನ್ ಅಂಗಡಿಯಿಂದ ನಾನು ತರಿಸಿದ್ದ ಕುಚ್ಚಲಕ್ಕಿ ಮುಗ್ಗಲು ವಾಸನೆ ಹಿಡಿದಿತ್ತು. ಮುಷ್ಟಿಯಲ್ಲಿ ಹಿಡಿದು ಮೂಸಿನೋಡಿ ಕೊಳ್ಳುವ ವಸ್ತುಗಳಿಗೆ ಪೇಟೆಗೆ ಹೋಗುವುದೇ ಸರಿ.

ಉಳಿದ ದಿನಸಿಗೆ ಮನೆಯ ಹತ್ತಿರದ ಅಂಗಡಿ ಸಾಕು, ಮತ್ತು ಅಲ್ಲಿ ಮಹಾರಾಷ್ಟ್ರದ ಬೆಳೆಯನ್ನೇ ಆರಿಸಿಕೊಂಡರೆ ದುಡ್ಡು ನಿಜವಾಗಿಯೂ ಉಳಿಯುತ್ತದೆ. ಸೋನಾ ಮಸೂರಿಯೇ ಬೇಕೆಂದು ಹಟ ಹಿಡಿಯದೆ ಕೋಲಮ್ ಅಕ್ಕಿ ತಂದುನೋಡಿ. ಸಣ್ಣ ಕಾಳು, ಹಗುರವಾದ ಅನ್ನ, ಸಾರಿಗೂ ಮೊಸರಿಗೂ ಚೆನ್ನಾಗಿ ಹೊಂದುತ್ತದೆ, ಚಿತ್ರಾನ್ನಕ್ಕೆ ಉದುರುದುರಾಗಿ ಬರುತ್ತದೆ. ಇಂದ್ರಾಯಣಿ ಅಕ್ಕಿ ಪರಿಮಳವಾದರೂ ಮುದ್ದೆಗಟ್ಟುತ್ತದೆ, ಪೊಂಗಲಿಗೂ ಬಿಸಿಬೇಳೆಬಾತಿಗೂ ಅದು ತಕ್ಕದ್ದು. ಬೆಲ್ಲಕ್ಕೆ ಕೊಲ್ಲಾಪುರದ್ದನ್ನು ಬಿಟ್ಟು ಬೇರೆಯದನ್ನು ಹುಡುಕಬೇಕಾಗಿಲ್ಲ. ರಾಗಿಯನ್ನು ನಾಚಣಿ ಎಂದು ಕೇಳಿದರೆ ಎಲ್ಲ ಕಿರಾಣಿ ಅಂಗಡಿಗಳಲ್ಲೂ ಕೊಡುತ್ತಾರೆ. ಉತ್ತರ ಕರ್ನಾಟಕದವರಂತೂ ಈ ಊರಿನಲ್ಲಿ ಪರದೇಶಿಗಳಲ್ಲವೇ ಅಲ್ಲ: ಸೊಲ್ಲಾಪುರದ ಕಡೆಯ ಮಾಲದಂಡಿ ಜೋಳ ಇಲ್ಲಿ ಧಾರಾಳವಾಗಿ ಸಿಗುತ್ತದೆ, ಓಣಿಗೊಂದು ಹಿಟ್ಟಿನ ಗಿರಣಿ ಇದೆ, ಕಾಳು ಕೊಟ್ಟು ಬಿಸಿಬಿಸಿ ಹಿಟ್ಟು ತರಬಹುದು, ರೊಟ್ಟಿ ಬಡಿಯಲು ಪುರುಸೊತ್ತಿಲ್ಲದವರಿಗೆ ಚಪಾತಿ ಪಲ್ಯ ಮಾರುವ ಪೋಳಿ ಭಾಜಿ ಕೇಂದ್ರಗಳಲ್ಲಿ ಭಾಕ್ರಿ, ಅಂದರೆ ರೊಟ್ಟಿ, ಬಿಡಿಯಾಗಿಯೇ ಮಾರುತ್ತಾರೆ. ಸಹಕಾರಿ ಭಂಡಾರ, ಡಿ ಮಾರ್ಟ್ ಮೊದಲಾದ ದೊಡ್ಡ ಮಳಿಗೆಗಳಲ್ಲಿ ಬೇಳೆ, ಎಣ್ಣೆ, ಸಕ್ಕರೆಗಳ ಬೆಲೆ ಕಡಿಮೆಯಿರುತ್ತದೆ.

ತರಕಾರಿಗೆ ಸಂಜೆ ನಿಲ್ದಾಣದ ಹೊರಗಿನ ಗಾಡಿಗಳೇ ಆಧಾರ. ಹೊಸಬರು ತಿಳಿದಿರಬೇಕಾದದ್ದೇನೆಂದರೆ, ಮುಂಬಯಿಯ ತರಕಾರಿಯವರು ಸಾಮಾನ್ಯವಾಗಿ ಹೇಳುವ ದರ ಪಾವ್ ಕಿಲೋಗೆ, ಅಂದರೆ 250 ಗ್ರಾಮಿಗೆ. 20 ರೂಪಾಯಿ ಎಂದದ್ದನ್ನು ಕಿಲೋದ ದರವೆಂದು ತಿಳಿದು ಚೀಲ ಒಡ್ಡಿದರೆ ಲೆಕ್ಕ ನಾಲ್ಕು ಪಟ್ಟಾಗುತ್ತದೆ. ಸೊಪ್ಪಿನ ಲೆಕ್ಕ ಜೂಡಿಯಲ್ಲಿ, ಅಂದರೆ ಕಟ್ಟಿಗೆ ಇಷ್ಟೆಂದು. ಪತ್ರೊಡೆಗೆ ಬೇಕಾದ ಕೆಸುವಿನ ಎಲೆಯನ್ನು ಹುಡುಕಿಕೊಂಡು ಮಾಟುಂಗಾದವರೆಗೆ ಹೋಗಬೇಕಾಗಿಲ್ಲ, ಏಕೆಂದರೆ ಮರಾಠಿಗರು ಅದರಿಂದ ಅಳೂವಡಿಯನ್ನು, ಗುಜರಾತಿಗಳು ಪಾತ್ರಾವನ್ನು ಮಾಡುವುದರಿಂದ ಅದು ಎಲ್ಲ ಪೇಟೆಗಳಲ್ಲೂ ಇರುತ್ತದೆ. ಎರಡು ಬಗೆಯ ಎಲೆ ಇಟ್ಟಿರುತ್ತಾರೆ. ದಂಟು ಕಪ್ಪಾಗಿರುವುದನ್ನು ವಡಿಗೆಂದು, ಹಸಿರು ದಂಟಿನದನ್ನು ಪಲ್ಯಕ್ಕೆಂದು ಮಾರುತ್ತಾರೆ. ಪತ್ರೊಡೆಗೆ ಕಪ್ಪು ದಂಟಿನದನ್ನೇ ತೆಗೆದುಕೊಳ್ಳಬೇಕು, ಹುಣಸೆಯಲ್ಲಿ ಜಿಪುಣತನ ಮಾಡಬಾರದು.

ಮೆಣಸಿನಕಾಯಿಗೆ ಮಾತ್ರ ನಾನು ಬೇರೆ ದಾರಿ ಹಿಡಿಯುತ್ತೇನೆ. ಅದೇ ಸ್ಲೋ ಲೋಕಲಿನಲ್ಲಿ ಮುಂದೆ ಹೋಗಿ ಚಿಂಚಪೋಕಳಿಯಲ್ಲಿ ಇಳಿದರೆ ಲಾಲ್‌ಬಾಗಿನ ಮಿರ್ಚಿ ಗಲ್ಲಿ ನಡಿಗೆಯ ದೂರದಲ್ಲಿದೆ. ಬಟ್ಟೆ ಗಿರಣಿ ಕಾರ್ಮಿಕರ ಹಳೆಯ ಬಡಾವಣೆಯ ಈ ಗಲ್ಲಿಯಲ್ಲಿ ಮರಾಠಿ ಮನೆಗಳವರು ವರ್ಷಕ್ಕಾಗುವಷ್ಟು ಮಸಾಲೆಯನ್ನು ಬೇಸಿಗೆಯಲ್ಲಿ ಹುರಿಸಿ ಕುಟ್ಟಿಸುತ್ತಾರೆ. ಮಾರ್ಚಿನಿಂದ ಮೇವರೆಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮಸಾಲೆ ಕುಟ್ಟುವ ಡಂಕದ ಯಂತ್ರಗಳ ಸದ್ದು, ಗಂಟಲು ಹಿಡಿಯುವ ಘಾಟು; ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಹೋಗಬೇಕು. ಅಲ್ಲಿ ರಾಶಿ ಹಾಕಿರುವ ಮೆಣಸಿನಕಾಯಿಗಳಲ್ಲಿ ಮರ್ಯಾದೆಯ ಸ್ಥಾನ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಯದು, ಅವರು ಅದನ್ನು ಬೇಡಗಿ ಎನ್ನುತ್ತಾರೆ. ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹೆಸರು ಹೊತ್ತ ಸಂಕೇಶ್ವರಿಯೂ ಅದರ ಪಕ್ಕದಲ್ಲೇ ಇರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಕೊಳ್ಳುವಾಗ ಸಿಪ್ಪೆಯ ಸುಕ್ಕು ನೋಡಬೇಕು. ಸುಕ್ಕು ಹೆಚ್ಚಿದ್ದು, ಬಣ್ಣ ಕಡುಗೆಂಪಾಗಿದ್ದು, ಕೈಗೆ ಹಗುರವಾಗಿದ್ದು, ಬೆರಳಲ್ಲಿ ಒತ್ತಿದರೆ ಪುಡಿಯಾಗದೆ ಬಾಗಿದರೆ ಅದು ಹೊಸ ಬೆಳೆ. ಡಬ್ಬಿ ಬಗೆಯದು ದಪ್ಪ ಮತ್ತು ಗಿಡ್ಡ, ಕಡ್ಡಿ ಬಗೆಯದು ಸಪೂರ ಮತ್ತು ಉದ್ದ. ಸಾರಿನ ಪುಡಿಗೂ ಬಣ್ಣಕ್ಕೂ ಡಬ್ಬಿಯೇ ಮೇಲು ಎಂದು ನನ್ನ ಮತ. ಹೊಸ ಬೆಳೆ ಬಂದ ಹೊತ್ತಿನಲ್ಲೇ ವರ್ಷಕ್ಕಾಗುವಷ್ಟನ್ನು ಕೊಂಡು, ತೊಟ್ಟು ಮುರಿದು ಬಿಸಿಲಿಗೆ ಹಾಕಿ ಇಟ್ಟುಕೊಂಡರೆ ಪೊಟ್ಟಣದ ಖಾರದಪುಡಿಯ ಖರ್ಚು ತಪ್ಪುತ್ತದೆ, ಬಣ್ಣ ಬೆರೆಸಿರಬಹುದೆಂಬ ಅಂಜಿಕೆಯೂ ಇರುವುದಿಲ್ಲ. ಸಾಂಬಾರು ಪುಡಿಗೆ ಬೇಕಾದ ಅಳತೆಯನ್ನು ಬರೆದು ಕೊಟ್ಟರೆ ಅಲ್ಲೇ ಹುರಿದು ಕುಟ್ಟಿಕೊಡುವವರಿದ್ದಾರೆ. ಮೆಂತ್ಯವನ್ನು ಮಾತ್ರ ಕಣ್ಣೆದುರೇ ಹುರಿಸಬೇಕು, ಕರಕಾದರೆ ವರ್ಷವಿಡೀ ಕಹಿ ಉಣ್ಣಬೇಕಾಗುತ್ತದೆ.

ಮೀನು ತಿನ್ನುವ ಕರಾವಳಿಯವರಿಗೆ ಮಾಟುಂಗಾದ ಬೋರ್ಡಿಂಗುಗಳಿಂದ ಅರ್ಧ ತೃಪ್ತಿಯಷ್ಟೇ. ಅವರು ಫೋರ್ಟ್ ಭಾಗಕ್ಕೆ ಹೋಗಬೇಕು. ಅಲ್ಲಿಯ ಮಹೇಶ್ ಲಂಚ್ ಹೋಮ್, ಅಪೂರ್ವ, ಪ್ರತಾಪ್ ಲಂಚ್ ಹೋಮ್ ಮೊದಲಾದವು ಬ್ಯಾಂಕು, ಕಚೇರಿಗಳ ನಡುವೆ ಬೆಳೆದ ಮಂಗಳೂರು ಶೈಲಿಯ ಮೀನೂಟದ ಮನೆಗಳು. ಕಾಯಿ ಅರೆದು ಮಾಡುವ ಗಸಿ ಮತ್ತು ನೀರ್ ದೋಸೆಯ ಜೋಡಿಗೆ ಅಲ್ಲಿ ಮೋಸವಿಲ್ಲ. ದೊಡ್ಡ ಏಡಿ, ಸಿಗಡಿಗಳಿಗೆ ಬೆಲೆ ಏರುತ್ತದೆ, ಎಷ್ಟೋ ಸಲ ಅದು ಮೀನಿನ ಗಾತ್ರದ ಮೇಲೆ ನಿರ್ಧಾರವಾಗುವುದರಿಂದ ತರಲು ಹೇಳುವ ಮೊದಲೇ ಬೆಲೆ ಕೇಳಿಕೊಳ್ಳಬೇಕು. ಬಂಗುಡೆಯ ಊಟ ಎಲ್ಲರ ಕೈಗೂ ಎಟಕುತ್ತದೆ. ಮನೆಯಲ್ಲಿ ಮಾಡುವವರಿಗೆ ಇಲ್ಲಿಯ ಮೀನುಗಾರರಾದ ಕೋಳಿ ಸಮುದಾಯದ ಹೆಂಗಸರು ಮಾರುವ ಮೀನು ಒಳ್ಳೆಯದು, ಕಿವಿರಿನ ಕೆಂಪು ನೋಡಿ, ಚೌಕಾಸಿ ಮಾಡಿ ತರಬಹುದು. ಅಂಜಲನ್ನು ಸುರ್ಮಾಯಿ ಎಂದೂ ಮಾಂಜಿಯನ್ನು ಪಾಪ್ಲೇಟ್ ಎಂದೂ ಕೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಮಹಾರಾಷ್ಟ್ರದ ಕಡಲಿನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಸಿಗುವುದರಲ್ಲಿ ಬಹುಪಾಲು ಮಂಜುಗಡ್ಡೆಯಲ್ಲಿಟ್ಟ ಮೀನು, ಬೆಲೆಯೂ ದುಬಾರಿ. ಆ ಎರಡು ತಿಂಗಳು ಒಣಮೀನಿನಲ್ಲಿ ದಿನ ದೂಡುವುದು ಇಲ್ಲಿಯವರ ರೂಢಿ, ಮತ್ತು ಕಪ್ಪು ದಂಟಿನ ಕೆಸುವಿನೆಲೆ ಎಳೆಯದಾಗಿ, ಅಗ್ಗವಾಗಿ ಸಿಗುವುದೂ ಅದೇ ಮಳೆಯಲ್ಲಿ.